ಕಾರ್ಡಿನಲ್ಲಿ ಬರೆಯದ ಮಾತು

ಮಾಗಿಯ ಒಂದು ಬೆಳಗು. ರಾಯಬಾಗ ತಾಲ್ಲೂಕಿನ ನಮ್ಮ ಹೊಲದಲ್ಲಿ ಕಬ್ಬು ಕಡಿಯುವ ಗ್ಯಾಂಗ್ ಇಳಿದಿತ್ತು. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡದ ಕಡೆ ಸಕ್ಕರೆ ಕಾರ್ಖಾನೆಗಳ ಹಂಗಾಮು ಶುರುವಾದರೆ ಗಡಿಯಾಚೆಯಿಂದ ಗ್ಯಾಂಗುಗಳು ಬರುವುದು ನಮಗೆ ಹೊಸದಲ್ಲ. ಅವತ್ತು ಒಬ್ಬ ಮಾತ್ರ ಕೆಲಸಕ್ಕೆ ಹೋಗದೆ ಜೋಪಡಿಯ ಮುಂದೆ ಮೊಳಕಾಲು ಹಿಡಿದು ಕೂತಿದ್ದ. ಮೂವತ್ತರ ಆಸುಪಾಸಿನ ಗಂಡಸು. ಮಹಾರಾಷ್ಟ್ರದ ಉತ್ತರದ ಗುಡ್ಡಗಾಡಿನವನು.

“ಅವಂಗೇನ್ ಆಗೇತಿ, ಥಂಡಿಗೆ ಮೈ ಹಿಡದೈತಿ ಅಷ್ಟ. ಎದ್ದು ನಾಕ್ ಹೆಜ್ಜಿ ಹಾಕಿದ್ರ ಹೋಗ್ತೈತಿ,” ಅಂದರು ನಮ್ಮ ಕಾಕಾ.

ಅವನು ಪ್ಲಾಸ್ಟಿಕ್ ಚೀಲದಿಂದ ಒಂದು ಕಾರ್ಡು ತೆಗೆದು ನನ್ನ ಮುಂದೆ ಹಿಡಿದ. “ದಾದಾ, ನೀವು ಓದಿದವರು. ಇದರಲ್ಲಿ ಏನಿದೆ ಹೇಳಿ,” ಎಂದು ಮರಾಠಿಯಲ್ಲಿ ಕೇಳಿದ. ಅದರಲ್ಲಿದ್ದದ್ದು ಅವನ ಹೆಸರು, ವಯಸ್ಸು, ಮತ್ತು ಇಂಗ್ಲಿಷಿನ ಎರಡು ಅಕ್ಷರ: ‘ಎಸ್‌ಎಸ್’. ಓದಲು ಬಂತು, ಹೇಳಲು ಬರಲಿಲ್ಲ. ಇತಿಹಾಸದಲ್ಲಿ ಪಿಎಚ್‌ಡಿ ಮಾಡುತ್ತಿರುವ ನನಗೆ ಆ ಹೊತ್ತು ಆದ ಮುಜುಗರವೇ ಈ ಬರಹಕ್ಕೆ ಕಾರಣ.

ಅದು ಸಿಕಲ್ ಸೆಲ್ ರೋಗ. ಕನ್ನಡದಲ್ಲಿ ಕುಡಗೋಲು ಕಣ ರೋಗ. ದುಂಡಗಿರಬೇಕಾದ ಕೆಂಪು ರಕ್ತಕಣ ಆಮ್ಲಜನಕ ಕಡಿಮೆಯಾದಾಗ ಕುಡಗೋಲಿನಂತೆ ಬಾಗಿ ಗಡುಸಾಗುತ್ತದೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ದಾರಿ ಕಟ್ಟುತ್ತದೆ. ರಕ್ತ ತಲುಪದ ಮೂಳೆ, ಕೀಲು, ಎದೆಯಲ್ಲಿ ತಡೆಯಲಾರದ ನೋವು ಹುಟ್ಟುತ್ತದೆ. ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ವಂಶವಾಹಿ ಬಂದರೆ ‘ಎಸ್‌ಎಸ್’, ಅಂದರೆ ರೋಗ. ಒಬ್ಬರಿಂದ ಮಾತ್ರ ಬಂದರೆ ‘ಎಎಸ್’, ಅಂದರೆ ವಾಹಕ. ಇವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ವಾಹಕರಿಬ್ಬರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ವೈದ್ಯಕೀಯದ ಪುಟಗಳಿಗೆ ಈ ರೋಗ ಬಂದದ್ದು 1910ರಲ್ಲಿ. ಗ್ರೆನಡಾ ದ್ವೀಪದಿಂದ ಶಿಕಾಗೋಗೆ ದಂತವೈದ್ಯ ಓದಲು ಹೋಗಿದ್ದ ವಾಲ್ಟರ್ ಕ್ಲೆಮೆಂಟ್ ನೋಯೆಲ್ ಎಂಬ ಯುವಕನ ರಕ್ತದಲ್ಲಿ ಅರ್ನೆಸ್ಟ್ ಐರನ್ಸ್ ಎಂಬ ಕಿರಿಯ ವೈದ್ಯರು ಬಾಗಿದ ಕಣಗಳನ್ನು ಕಂಡರು. ಅವರ ಹಿರಿಯರಾದ ಜೇಮ್ಸ್ ಹೆರಿಕ್ ಅದನ್ನು ಪ್ರಕಟಿಸಿದರು. ಆ ಲೇಖನದಲ್ಲಿ ನೋಯೆಲ್‌ನ ಹೆಸರಿರಲಿಲ್ಲ. ಅಷ್ಟರಲ್ಲಿ ಅವನು ಊರಿಗೆ ಮರಳಿ ಹಲ್ಲಿನ ಡಾಕ್ಟರಾಗಿದ್ದ. 1916ರಲ್ಲಿ, ತನ್ನ 32ನೇ ವಯಸ್ಸಿನಲ್ಲಿ, ನ್ಯುಮೋನಿಯಾದಿಂದ ತೀರಿಕೊಂಡ. ‘ಸಿಕಲ್ ಸೆಲ್ ಅನೀಮಿಯಾ’ ಎಂಬ ಹೆಸರು ಬಳಕೆಗೆ ಬಂದದ್ದು 1922ರಲ್ಲಿ. ರೋಗದ ಚರಿತ್ರೆಯ ಮೊದಲ ರೋಗಿಗೆ ತನ್ನ ರೋಗದ ಹೆಸರೇ ಗೊತ್ತಾಗಲಿಲ್ಲ.

ಮುಂದೆ ಪ್ರಯೋಗಾಲಯದ ಚರಿತ್ರೆ ವೇಗವಾಗಿ ಓಡಿತು. 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಜೊತೆಗಾರರು ಇದು ಹಿಮೋಗ್ಲೋಬಿನ್ ಅಣುವಿನದೇ ದೋಷ ಎಂದು ತೋರಿಸಿದರು. 1952ರಲ್ಲಿ ಲೇಮನ್ ಮತ್ತು ಕಟ್ಬುಷ್ ನಮ್ಮ ರಾಜ್ಯಕ್ಕೆ ಅಂಟಿಕೊಂಡಿರುವ ನೀಲಗಿರಿಯ ಬುಡಕಟ್ಟುಗಳಲ್ಲಿ ಈ ವಂಶವಾಹಿಯನ್ನು ಗುರುತಿಸಿದರು; ಭಾರತದಲ್ಲಿ ಇದರ ದಾಖಲೆ ಶುರುವಾಗುವುದು ಆ ವರ್ಷ. ಮಲೇರಿಯಾ ಹೆಚ್ಚಿದ್ದ ಕಡೆಗಳಲ್ಲಿ ವಾಹಕರಿಗೆ ಆ ಜ್ವರದಿಂದ ಒಂದಿಷ್ಟು ರಕ್ಷಣೆ ಸಿಗುತ್ತದೆ, ಆದ್ದರಿಂದಲೇ ಈ ವಂಶವಾಹಿ ಉಳಿದು ಬಂದಿದೆ ಎಂದು 1954ರಲ್ಲಿ ಆಂಥನಿ ಆಲಿಸನ್ ತೋರಿಸಿದರು.

ರೋಗಿಗೆ ತಿಳಿಸುವ ಚರಿತ್ರೆ ಮಾತ್ರ ಕುಂಟುತ್ತ ಬಂತು. ಅಮೆರಿಕದಲ್ಲಿ 1971ರ ಹೊತ್ತಿಗೆ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ತಮ್ಮ ಜನರ ನಡುವೆಯೇ ಉಚಿತ ಪರೀಕ್ಷೆ ನಡೆಸಿ, ಇದು ಏನು ರೋಗ ಎಂದು ಹೇಳತೊಡಗಿದರು. ಮರುವರ್ಷ ಸರ್ಕಾರ ಕಾನೂನು ತಂದಿತು. ಪರೀಕ್ಷೆಗಳು ಭರದಿಂದ ನಡೆದವು, ವಿವರಿಸುವ ಕೆಲಸ ಹಿಂದುಳಿಯಿತು. ವಾಹಕರನ್ನೂ ರೋಗಿಗಳೆಂದೇ ಎಣಿಸಿ ಕೆಲಸ, ವಿಮೆ ನಿರಾಕರಿಸಿದ್ದುಂಟು. ತಿಳಿವಳಿಕೆ ಇಲ್ಲದ ಪರೀಕ್ಷೆ ಹಣೆಪಟ್ಟಿಯಾಗುತ್ತದೆ ಎಂಬ ಪಾಠ ಅಲ್ಲಿಂದ ಬಂತು.

ನಮ್ಮಲ್ಲಿ ಆ ಪಾಠವನ್ನು ಚೆನ್ನಾಗಿ ಅರಿತವರು ಕಾಡಂಚಿನಲ್ಲಿ ಕೆಲಸ ಮಾಡಿದವರು. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ನಡುವೆ ಈ ರೋಗದ ಪತ್ತೆ, ಆರೈಕೆಯನ್ನು ಕೈಗೆತ್ತಿಕೊಂಡಿತು. ಗಡಿಯಾಚೆಯ ಗೂಡಲೂರಿನಲ್ಲಿ 1990ರಲ್ಲಿ ಶುರುವಾದ ಆದಿವಾಸಿ ಆಸ್ಪತ್ರೆ ಆದಿವಾಸಿ ಹೆಣ್ಣುಮಕ್ಕಳನ್ನೇ ದಾದಿಯರನ್ನಾಗಿ ತಯಾರು ಮಾಡಿತು. ಹೇಳುವವರು ಕೇಳುವವರ ಮಾತಿನವರೇ ಆದರೆ ಸಲಹೆ ಮನೆಯವರೆಗೆ ಹೋಗುತ್ತದೆ.

ಹಾಗೆ ಹೇಳಬೇಕಾದದ್ದಾದರೂ ಏನು? ಬಾಯಾರಿಕೆಗೆ ಕಾಯದೆ ದಿನವಿಡೀ ನೀರು ಕುಡಿಯಬೇಕು. ಮೈ ಬೆಚ್ಚಗಿರಬೇಕು, ಥಂಡಿ, ಅತಿ ದಣಿವು, ಹೆಂಡ ಬೇಡ. ನೋವು ಶುರುವಾದ ಕೂಡಲೇ ನೀರು, ವಿಶ್ರಾಂತಿ, ಬಿಸಿ ಕಾವು, ಡಾಕ್ಟರು ಹೇಳಿದ ನೋವಿನ ಗುಳಿಗೆ. ಜ್ವರ ಬಂದರೆ, ಎದೆ ನೋವು, ಉಸಿರಾಟದ ತೊಂದರೆ, ಕೈಕಾಲಲ್ಲಿ ಹಠಾತ್ ಬಲಹೀನತೆ ಕಂಡರೆ, ಗಂಡಸರಿಗೆ ಗಂಟೆಗಟ್ಟಲೆ ಇಳಿಯದ ನೋವಿನ ನಿಮಿರುವಿಕೆಯಾದರೆ, ನಾಚಿಕೆ ಪಡದೆ ತಕ್ಷಣ ಆಸ್ಪತ್ರೆ ಸೇರಬೇಕು. ಹೈಡ್ರಾಕ್ಸಿಯೂರಿಯಾ ನೋವಿನ ಸಂಖ್ಯೆ ಕಡಿಮೆ ಮಾಡುತ್ತದೆ ಎಂದು 1995ರ ದೊಡ್ಡ ಅಧ್ಯಯನ ತೋರಿಸಿತು. ಆದರೆ ಅದು ನೋವು ಬಂದಾಗ ನುಂಗುವ ಗುಳಿಗೆಯಲ್ಲ. ನೋವು ಬಾರದಿರಲೆಂದು ದಿನವೂ ತೆಗೆದುಕೊಳ್ಳುವುದು, ಆಗಾಗ ರಕ್ತ ಪರೀಕ್ಷೆ ಮಾಡಿಸಿಕೊಂಡು. ಮಗು ಬೇಕೆನ್ನುವವರು ಮೊದಲೇ ಡಾಕ್ಟರ ಬಳಿ ಮಾತಾಡಬೇಕು.

ಹದಿನೈದು ದಿನ ಬಿಟ್ಟು ಇಷ್ಟನ್ನೂ ಅವನಿಗೆ ಮರಾಠಿಯಲ್ಲಿ ಹೇಳಿದೆ. ಊರಲ್ಲಿ ಗುಳಿಗೆ ಕೊಟ್ಟಿದ್ದರಂತೆ. ನೋವು ನಿಂತಿತೆಂದು ಅವನೂ ಬಿಟ್ಟಿದ್ದ. ದಿನಾ ನುಂಗಬೇಕೆಂದು ಯಾರಾದರೂ ಹೇಳಿದ್ದರೋ, ಹೇಳಿದ್ದು ಅವನಿಗೆ ತಿಳಿದಿರಲಿಲ್ಲವೋ. ಗಡಿಯ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ. ವಿಲಿಯಂ ವಾನ್‌ಲೆಸ್ 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ ತೆರೆದಾಗಿನಿಂದ ಈ ಸೀಮೆಯ ಜನ ದೊಡ್ಡ ಕಾಯಿಲೆಗೆ ಮಿರಜದ ದಾರಿ ಹಿಡಿದವರು. ಅಲ್ಲಿ ಮರಾಠಿಯಲ್ಲಿ ಹೇಳಿದ್ದಕ್ಕೆ “ಹೋ, ಹೋ” ಎಂದು ತಲೆಯಾಡಿಸಿ, ಹೊರಗೆ ಬಂದು “ಏನಂದ್ರವ್ವಾ?” ಎಂದು ಮಗಳನ್ನು ಕೇಳುವ ಅಜ್ಜಂದಿರನ್ನು ನೋಡುತ್ತಲೇ ಬೆಳೆದಿದ್ದೇನೆ. ಈಗ ನಮ್ಮ ಹೊಲದಲ್ಲಿ ಆ ಅಜ್ಜನ ಜಾಗದಲ್ಲಿ ಇವನಿದ್ದ.

ಎಲ್ಲ ಕೇಳಿಸಿಕೊಂಡು ಅವನು ಒಂದೇ ಮಾತು ಅಂದ: “ದಾದಾ, ನೀರು ಕುಡಿಯೋಕೆ ಕೊಯ್ತಾ ಕೆಳಗಿಟ್ಟರೆ ಮುಕಾದಮ್ ಸುಮ್ಮನಿರ್ತಾನಾ?”

ನಾನು ಕಲಿತು ಬಂದ ಸಲಹೆಗಳೆಲ್ಲ ಅಲ್ಲಿ ನಿಂತುಬಿಟ್ಟವು. ನಸುಕಿನ ಇಬ್ಬನಿಯಲ್ಲಿ ಶುರುವಾಗುವ ಕೆಲಸ, ಬಿಸಿಲೇರಿದರೂ ಬಿಡುವಿಲ್ಲ. ಮುಂಗಡ ತೆಗೆದುಕೊಂಡು ಬಂದವನಿಗೆ ತಪ್ಪಿಸಿದ ದಿನವೂ ಸಾಲವೇ. ಥಂಡಿ, ದಣಿವು, ನೀರಿಲ್ಲದ ಹೊತ್ತು: ಯಾವುದು ಬೇಡವೋ ಅದೇ ಅವನ ಕೂಲಿ. ‘ನಿನ್ನ ಆರೈಕೆ ನೀನೇ ಮಾಡಿಕೋ’ ಎಂದು ಅವನಿಗೊಬ್ಬನಿಗೇ ಹೇಳಿದರೆ ಅದು ತಿಳಿವಳಿಕೆಯಾಗುವುದಿಲ್ಲ, ಭಾರ ಜಾರಿಸಿದಂತಾಗುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈ ರೋಗವನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನ 2047ರೊಳಗೆ ರೋಗವನ್ನು ನಿರ್ಮೂಲನೆ ಮಾಡುವ, 7 ಕೋಟಿ ಜನರನ್ನು ಪರೀಕ್ಷಿಸುವ ಗುರಿ ಇಟ್ಟುಕೊಂಡಿದೆ. ಅಷ್ಟು ಕಾರ್ಡುಗಳು ಅಷ್ಟು ಜೇಬುಗಳಲ್ಲಿ ಸೇರಲಿವೆ. ಕೆಲಸ ಹುಡುಕಿ ಹೊರಟವರೊಂದಿಗೆ ಅವೂ ತಾಲ್ಲೂಕು, ಜಿಲ್ಲೆ, ಭಾಷೆ ದಾಟಿ ಬರಲಿವೆ. ಅವುಗಳನ್ನು ನೋಡುವವರು ಡಾಕ್ಟರುಗಳಷ್ಟೇ ಅಲ್ಲ. ಮುಕಾದಮ್, ಹೊಲದ ಮಾಲೀಕ, ನಮ್ಮ ಕಾಕಾನಂಥವರೂ ನೋಡುತ್ತಾರೆ.

ಅವತ್ತು ಸಂಜೆ ಒಂದು ಹಾಳೆಯಲ್ಲಿ ಇಷ್ಟನ್ನೂ ಬರೆದೆ. ಒಂದು ಮಗ್ಗುಲು ಮರಾಠಿ, ಇನ್ನೊಂದು ಮಗ್ಗುಲು ಕನ್ನಡ. ನೀರು, ಜ್ವರ, ಗುಳಿಗೆ ಎಲ್ಲ ಆಮೇಲೆ ಬಂದವು. ಮೊದಲ ಸಾಲನ್ನು ಅವನಿಗಲ್ಲ, ಅವನ ಸುತ್ತಲಿನವರಿಗೆ ಬರೆದೆ: ‘ಇವನು ಮೈಗಳ್ಳನಲ್ಲ, ಇವನ ನೋವು ನಿಜ.’ ಮೊದಲು ಓದಿ ಹೇಳಿದ್ದು ಕಾಕಾನಿಗೆ. ಅವರು ಏನೂ ಅನ್ನಲಿಲ್ಲ. ಮರುದಿನ ನಸುಕಿನಲ್ಲಿ ನೀರಿನ ಕೊಡವೊಂದು ಬಾವಿಕಟ್ಟೆಯಿಂದ ಕಬ್ಬಿನ ಸಾಲಿನ ಹತ್ತಿರಕ್ಕೆ ಬಂದಿತ್ತು.