ಗೊಜ್ಜಾಮಿಗೆ ಹೋದ ಇಂಗ್ಲಿಷ್ ಮೇಷ್ಟ್ರುಗಳು

ಇಥಿಯೋಪಿಯಾವನ್ನು ಇಟಲಿ ಹಿಡಿದಿಟ್ಟುಕೊಂಡದ್ದು ಐದೇ ವರ್ಷ, 1936ರಿಂದ 1941ರವರೆಗೆ. ಅಷ್ಟರಲ್ಲೇ ಆ ದೇಶದ ಓದು ಬಲ್ಲ ಒಂದು ಪೀಳಿಗೆ ನಾಶವಾಯಿತು. 1937ರ ಫೆಬ್ರವರಿಯಲ್ಲಿ ಇಟಲಿಯ ವೈಸರಾಯ್ ಗ್ರಾಜಿಯಾನಿಯ ಮೇಲೆ ಬಾಂಬ್ ಬಿದ್ದ ಬಳಿಕ ಅಕ್ಷರಸ್ಥ ತರುಣರನ್ನು ಹುಡುಕಿ ಕೊಂದರು. ಚಕ್ರವರ್ತಿ ಹೈಲೆ ಸೆಲಾಸಿ ಮರಳಿ ಬಂದು ಶಾಲೆಗಳನ್ನು ತೆರೆಯಲು ಹೊರಟಾಗ ಮಕ್ಕಳಿದ್ದರು, ಮೇಷ್ಟ್ರುಗಳಿರಲಿಲ್ಲ. ಹೀಗೆ ಭಾರತದಿಂದ ಮೇಷ್ಟ್ರುಗಳನ್ನು ಕರೆಸುವುದು ಶುರುವಾಯಿತು. ಹೋದವರಲ್ಲಿ ಕೇರಳದವರೇ ಹೆಚ್ಚು, ನಮ್ಮ ಮೈಸೂರು ಸೀಮೆಯವರು ಅಲ್ಲೊಬ್ಬರು ಇಲ್ಲೊಬ್ಬರು. ಮಾಗಡಿ ತಾಲ್ಲೂಕಿನ ಸೋಲೂರಿನಿಂದ 1970ರಲ್ಲಿ ಹೋದವನು ನಾನು.

ಅಮೆರಿಕದ ಸ್ವಯಂಸೇವಕ ಸಂಸ್ಥೆ ಪೀಸ್ ಕೋರ್‌ನವರು ಅಲ್ಲಿಗೆ ಬಂದದ್ದು 1962ರಲ್ಲಿ. ಅವರ ಬಗ್ಗೆ ಪುಸ್ತಕಗಳಿವೆ, ನೆನಪಿನ ಸಂಕಲನಗಳಿವೆ. ಅವರಿಗಿಂತ ಮೊದಲೇ ಹೋಗಿ, ಅವರು ಹೊರಟ ಮೇಲೂ ಸಣ್ಣ ಸಣ್ಣ ಊರುಗಳಲ್ಲಿ ವರ್ಷಗಟ್ಟಲೆ ಪಾಠ ಹೇಳಿದ ನಮ್ಮವರ ಬಗ್ಗೆ ಕನ್ನಡದಲ್ಲಿ ಓದಲು ನನಗೆ ಏನೂ ಸಿಕ್ಕಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನನ್ನು ಹಾಕಿದ್ದು ಗೊಜ್ಜಾಮ್ ಪ್ರಾಂತ್ಯದ ಡೆಬ್ರೆ ಮಾರ್ಕೊಸ್‌ಗೆ. ಅಡಿಸ್ ಅಬಾಬಾದಿಂದ ಬಸ್ಸು ನೀಲಿ ನೈಲ್ ನದಿಯ ಕಣಿವೆಗೆ ಇಳಿಯುತ್ತದೆ, ಸೇತುವೆ ದಾಟಿ ಅಷ್ಟನ್ನೂ ಮತ್ತೆ ಹತ್ತುತ್ತದೆ. ಮೇಲೆ ಬಂದರೆ ಸಮತಟ್ಟಾದ ಎತ್ತರದ ನೆಲ, ಸದಾ ಚಳಿ. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಹೊಲಗಳ ಮೇಲೆ ಹಳದಿ ಹೂವು ಹರಡಿತು. ಹತ್ತಿರ ಹೋಗಿ ನೋಡಿದರೆ ನಮ್ಮ ಹುಚ್ಚೆಳ್ಳು! ಇನ್ನೊಂದು ಹೊಲದಲ್ಲಿ ರಾಗಿ ತೆನೆ ಕಟ್ಟುತ್ತಿತ್ತು. ಸೋಲೂರಿನಲ್ಲಿ ಅಪ್ಪ ರಾಗಿಯ ನಡುವೆ ಅಕ್ಕಡಿ ಸಾಲು ಬಿಟ್ಟು ಹುಚ್ಚೆಳ್ಳು ಹಾಕುತ್ತಿದ್ದರು. ಈ ಎರಡೂ ಬೆಳೆಗಳ ತವರು ಆಫ್ರಿಕಾದ ಆ ಎತ್ತರದ ನೆಲವೇ ಎಂದು ಸಸ್ಯಶಾಸ್ತ್ರದವರು ಹೇಳುತ್ತಾರೆ. ಹುಚ್ಚೆಳ್ಳಿನ ಶಾಸ್ತ್ರೀಯ ಹೆಸರಿನಲ್ಲೇ ಇಥಿಯೋಪಿಯಾದ ಹಳೆಯ ಹೆಸರು ಅಬಿಸೀನಿಯಾ ಇದೆ. ಸಾವಿರಾರು ವರ್ಷಗಳ ಹಿಂದೆ ಯಾರೋ ಅಲ್ಲಿಂದ ತಂದ ಬೀಜವನ್ನೇ ಉಂಡು ಬೆಳೆದವರು ನಾವು. ರಾಗಿಯನ್ನು ಅಲ್ಲಿ ‘ದಗುಸಾ’ ಎನ್ನುತ್ತಾರೆ. ಮುದ್ದೆ ಕಟ್ಟುವುದು ಗೊತ್ತಿಲ್ಲ, ಹಿಟ್ಟು ಹುಳಿ ಬರಿಸಿ ದೋಸೆಯಂಥ ಇಂಜೆರಾ ಹೊಯ್ಯುತ್ತಾರೆ.

ಊಟದ ಕಷ್ಟ ನಾನು ಅಂದುಕೊಂಡಷ್ಟು ಇರಲಿಲ್ಲ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ. ಈಸ್ಟರಿಗೆ ಮುಂಚೆ 55 ದಿನ ಇದೇ ನೇಮ. ಆ ದಿನಗಳಲ್ಲಿ ಯಾವ ಹೋಟೆಲಿಗೆ ಹೋದರೂ ಕಡಲೆಹಿಟ್ಟಿನ ಶಿರೊ, ಬೇಳೆಯ ಸಾರು ಸಿಗುತ್ತಿತ್ತು. ಉಳಿದ ದಿನ ಸೀಮೆಎಣ್ಣೆ ಸ್ಟೌವಿನ ಮೇಲೆ ನನ್ನ ಅಡುಗೆ. ಗಂಟೆಯ ಲೆಕ್ಕಕ್ಕೆ ಹೊಂದಿಕೊಳ್ಳುವುದೇ ಹೆಚ್ಚು ಕಷ್ಟ. ಅವರಿಗೆ ಬೆಳಗಿನ ಏಳು ಎಂದರೆ ಒಂದು ಗಂಟೆ. ಎಂಟೂವರೆಯ ಶಾಲೆ ಮಕ್ಕಳ ಲೆಕ್ಕದಲ್ಲಿ ಎರಡೂವರೆಗೆ. ವರ್ಷಕ್ಕೆ ಹದಿಮೂರು ತಿಂಗಳು. ನಾನು ಕಾಲಿಟ್ಟ ಸೆಪ್ಟೆಂಬರಿನಲ್ಲಿ ಅವರಿಗೆ 1963 ಶುರುವಾಗಿತ್ತು.

ಇನ್ನು ಪಾಠ. ಆಗ ಆರನೇ ತರಗತಿಯವರೆಗೆ ಎಲ್ಲವೂ ಅಂಹಾರಿಕ್ ಭಾಷೆಯಲ್ಲಿ, ಏಳಕ್ಕೆ ಬಂದ ಕೂಡಲೇ ಗಣಿತ, ವಿಜ್ಞಾನ, ಭೂಗೋಳ ಎಲ್ಲವೂ ಇಂಗ್ಲಿಷಿನಲ್ಲಿ. ಕೂಲಿಮಠದಂಥ ಚರ್ಚ್ ಶಾಲೆಯಲ್ಲಿ ಅಕ್ಷರ ಕಲಿತು ಬಂದ ಮಕ್ಕಳಿಗೆ ಇದು ಒಂದೇ ವಾರ್ಷಿಕ ರಜೆಯಲ್ಲಿ ಆಗಬೇಕಾದ ಬದಲಾವಣೆ. ಬೆಂಗಳೂರಿನಲ್ಲಿ 1963ರಲ್ಲಿ ಸ್ಥಾಪನೆಯಾದ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್‌ನಲ್ಲಿ ತರಬೇತಿ ಪಡೆದು ಹೋಗಿದ್ದೆ. ಅಲ್ಲಿ ಕಲಿತ, ವಾಕ್ಯದ ಮಾದರಿಗಳನ್ನು ರೂಢಿ ಮಾಡಿಸುವ ಸ್ಟ್ರಕ್ಚರಲ್ ಪದ್ಧತಿ ಉಪಯೋಗಕ್ಕೆ ಬಂತು, ಆದರೆ ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ನನ್ನ ಕನ್ನಡ. ಅಂಹಾರಿಕ್‌ನಲ್ಲೂ ಕ್ರಿಯಾಪದ ವಾಕ್ಯದ ಕೊನೆಗೇ ಬರುತ್ತದೆ. ‘ಐ ವಾಟರ್ ಡ್ರಿಂಕ್’ ಎಂದು ಸೋಲೂರಿನ ಹುಡುಗ ಯಾಕೆ ಬರೆಯುತ್ತಾನೋ ಡೆಬ್ರೆ ಮಾರ್ಕೊಸಿನ ಹುಡುಗನೂ ಅದಕ್ಕೇ ಬರೆಯುತ್ತಿದ್ದ. ಅವರ ಲಿಪಿಯಲ್ಲೂ ಕಾಗುಣಿತವಿದೆ. ಒಂದೊಂದು ವ್ಯಂಜನಕ್ಕೆ ಏಳು ರೂಪ. ಹ, ಹು, ಹಿ, ಹಾ, ಹೇ, ಹ್, ಹೋ ಎಂದು ಪುಟ್ಟ ಮಕ್ಕಳು ತೂಗಾಡುತ್ತಾ ಹೇಳುವುದು ಬೆಳಗಿನ ಹೊತ್ತು ಬೀದಿಗೆ ಕೇಳಿಸುತ್ತಿತ್ತು. ಬರೆದದ್ದನ್ನು ಹಾಗೇ ಓದುವ ಮಕ್ಕಳಿಗೆ ಇಂಗ್ಲಿಷ್ ಸ್ಪೆಲ್ಲಿಂಗ್ ಒಂದು ಅನ್ಯಾಯವಾಗಿ ಕಾಣುತ್ತದೆ. ಹುಟ್ಟಿನಿಂದಲೇ ಇಂಗ್ಲಿಷ್ ಆಡುವವರಿಗೆ ಆ ಗೋಳು ಅರ್ಥವಾಗುವುದು ಕಷ್ಟ. ನಮಗೆ ಅರ್ಥವಾಗುತ್ತಿತ್ತು, ಯಾಕೆಂದರೆ ಎಡವುವ ಜಾಗಗಳಲ್ಲಿ ನಾವೂ ಎಡವಿ ಬಂದವರು. ಭಾರತದ ಮೇಷ್ಟ್ರುಗಳು ಅಲ್ಲಿ ನಿಂತದ್ದು ಸಂಬಳ ಕಡಿಮೆ ಕೊಟ್ಟರೂ ಸಾಕು ಎಂಬ ಕಾರಣಕ್ಕೆ ಎಂದು ಹೇಳುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ.

1974ರ ಫೆಬ್ರವರಿಯಲ್ಲಿ ಇಥಿಯೋಪಿಯಾದ ಶಿಕ್ಷಕರು ಮುಷ್ಕರ ಹೂಡಿದರು. ವಿದ್ಯಾರ್ಥಿಗಳು ಉಳುವವನಿಗೇ ಭೂಮಿ ಕೊಡಿ ಎಂದು ಕೂಗುತ್ತಾ ಬೀದಿಗಿಳಿದರು. ಆ ಘೋಷಣೆ 1965ರಿಂದಲೂ ಅಡಿಸ್ ಅಬಾಬಾದಲ್ಲಿ ಕೇಳುತ್ತಿತ್ತು. ಗೊಜ್ಜಾಮಿನಲ್ಲಿ ಭೂಮಿ ಕುಲದ ಹಕ್ಕಿನಲ್ಲಿತ್ತು. ಗೇಣಿದಾರರ ಸಂಕಟ ಹೆಚ್ಚಾಗಿ ದಕ್ಷಿಣ ಪ್ರಾಂತ್ಯಗಳದ್ದು. ಆದರೂ ನನ್ನ ತರಗತಿಯ ಹುಡುಗರು ಬೇರೆಯವರ ಹೊಲಕ್ಕಾಗಿ ಕೂಗಿದರು. ಅದೇ ವರ್ಷದ ಮಾರ್ಚ್ 1ಕ್ಕೆ ಕರ್ನಾಟಕದಲ್ಲಿ, ಗೇಣಿದಾರರಿಗೆ ಭೂಮಿಯ ಹಕ್ಕು ಕೊಡುವ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ‘ಅಣ್ಣ, ವಾರಕ್ಕೆ ಮಾಡ್ತಿದ್ದ ಹೊಲಕ್ಕೆ ಏಳನೇ ನಂಬರ್ ಫಾರಂ ಹಾಕಿದ್ದೀವಿ’ ಎಂದು ತಮ್ಮ ಸೋಲೂರಿನಿಂದ ಬರೆದ. ಆ ಕಾಗದವನ್ನು ಹನ್ನೊಂದನೇ ತರಗತಿಯಲ್ಲಿ ಇಂಗ್ಲಿಷಿಗೆ ಹೇಳಿ ತೋರಿಸಿದೆ. ಯಾರ ಮುಂದೆ ಅರ್ಜಿ, ಭೂ ನ್ಯಾಯಮಂಡಳಿಯಲ್ಲಿ ಯಾರು ಕೂರುತ್ತಾರೆ, ಒಡೆಯ ಸುಮ್ಮನಿರುತ್ತಾನಾ ಎಂದು ಅವರು ಕೇಳಿದ ಪ್ರಶ್ನೆಗಳಿಗೆ ಕೊನೆಯಿರಲಿಲ್ಲ. ವ್ಯಾಕರಣದ ಭಯ ಬಿಟ್ಟು ಅವರು ಇಂಗ್ಲಿಷ್ ಆಡಿದ್ದನ್ನು ಅವತ್ತೇ ನಾನು ಕೇಳಿದ್ದು.

ಸೆಪ್ಟೆಂಬರ್ 12ಕ್ಕೆ, ಅವರ ಹೊಸವರ್ಷದ ಎರಡನೇ ದಿನ, ಚಕ್ರವರ್ತಿಯನ್ನು ಸೈನಿಕರು ಇಳಿಸಿದರು. ಕೆಲವೇ ತಿಂಗಳಲ್ಲಿ ಪ್ರೌಢಶಾಲೆಯ ಕೊನೆಯ ಎರಡು ತರಗತಿಗಳ ಮತ್ತು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು, ಸುಮಾರು 60,000 ಮಂದಿಯನ್ನು, ಅಕ್ಷರ ಕಲಿಸಲು ಮತ್ತು ರೈತರನ್ನು ಸಂಘಟಿಸಲು ಹಳ್ಳಿಗಳಿಗೆ ಕಳಿಸಿದರು. 1975ರ ಮಾರ್ಚಿನಲ್ಲಿ ಗ್ರಾಮೀಣ ಭೂಮಿಯೆಲ್ಲ ಸರ್ಕಾರದ್ದಾಯಿತು. ಕೂಗಿದ ಹುಡುಗರಿಗೆ ಅದರ ಸಂತೋಷ ಬಹಳ ದಿನ ಉಳಿಯಲಿಲ್ಲ: 1977–78ರ, ‘ರೆಡ್ ಟೆರರ್’ ಎಂದು ಹೆಸರಾದ ಹಿಂಸಾಚಾರದಲ್ಲಿ ಸಾವಿರಾರು ವಿದ್ಯಾರ್ಥಿಗಳನ್ನು ಅದೇ ಸೈನಿಕ ಸರ್ಕಾರ ಕೊಂದಿತು. ನನಗೆ ಕಾಗದ ಬರೆಯುತ್ತಿದ್ದವರು ಬರೆಯುವುದನ್ನು ನಿಲ್ಲಿಸಿದ್ದು ಆ ವರ್ಷಗಳಲ್ಲೇ. ಅವರ ಹೆಸರುಗಳು ಇಂದಿಗೂ ನನಗೆ ಬಾಯಿಪಾಠ.

ತರಗತಿಗಳು ಖಾಲಿಯಾದ ಮೇಲೆ ನಮ್ಮಲ್ಲಿ ಕೆಲವರು ಜಾಂಬಿಯಾ ಸೇರಿದರು. 1976ರಲ್ಲಿ ನೈಜೀರಿಯಾ ಎಲ್ಲ ಮಕ್ಕಳಿಗೂ ಪ್ರಾಥಮಿಕ ಶಿಕ್ಷಣ ಎಂದು ಘೋಷಿಸಿದಾಗ ಇನ್ನು ಕೆಲವರು ಅಲ್ಲಿಗೆ ಹೋದರು. ನಾನು 1975ರಲ್ಲಿ ಊರಿಗೆ ಬಂದು, ಮಾಗಡಿ ತಾಲ್ಲೂಕಿನ ಪ್ರೌಢಶಾಲೆಗಳಲ್ಲೇ ನಿವೃತ್ತಿಯವರೆಗೆ ಇಂಗ್ಲಿಷ್ ಹೇಳಿಕೊಟ್ಟೆ. ಮೊದಲ ವಾರ ಪುಸ್ತಕ ತೆಗೆಸುತ್ತಿರಲಿಲ್ಲ. ಮನೆಯ ಹೊಲದ ವಿಷಯವನ್ನು, ತಪ್ಪಾದರೂ ಸರಿ, ಇಂಗ್ಲಿಷಿನಲ್ಲಿ ಹೇಳಿ ಎನ್ನುತ್ತಿದ್ದೆ.