ಗ್ರಂಥಸೂಚಿಯೂ ಹಲವು ಲಿಪಿಗಳೂ

ಶಾಸ್ತ್ರಗ್ರಂಥದ ಕೊನೆಯಲ್ಲಿ ಬರುವ ಆಕರಗ್ರಂಥಗಳ ಪಟ್ಟಿಯನ್ನು ವಾಚಕರಲ್ಲಿ ಬಹುಮಂದಿ ಲಕ್ಷ್ಯವಿಟ್ಟು ನೋಡುವುದಿಲ್ಲ. ಆದರೆ ಗ್ರಂಥಕರ್ತನ ಮಾತಿಗೆ ಆಧಾರವುಂಟೋ ಇಲ್ಲವೋ ಎಂದು ಪರೀಕ್ಷಿಸಬಯಸುವವನಿಗೆ ಆ ಪಟ್ಟಿಯೇ ದಾರಿ. ಅಲ್ಲಿ ಒಂದು ಹೆಸರು ತಪ್ಪಿದರೆ ದಾರಿಯೇ ತಪ್ಪಿದಂತೆ. ಹಲವು ಭಾಷೆಗಳ ಗ್ರಂಥಗಳು ಒಂದೇ ಪಟ್ಟಿಯಲ್ಲಿ ಸೇರಬೇಕಾದಾಗ ಈ ಪ್ರಮಾದವು ಬಹು ಸುಲಭವಾಗಿ ಸಂಭವಿಸುವುದು.

ಈ ಕಷ್ಟವು ಹೊಸತಲ್ಲ. ಜ್ಯೂರಿಚ್ ನಗರದ ಕಾನ್ರಾಡ್ ಗೆಸ್ನರನು 1545ರಲ್ಲಿ ಲ್ಯಾಟಿನ್, ಗ್ರೀಕ್, ಹೀಬ್ರೂ ಎಂಬ ಮೂರು ಭಾಷೆಗಳ ಗ್ರಂಥಗಳನ್ನು ‘ಬಿಬ್ಲಿಯೋತೆಕಾ ಯೂನಿವರ್ಸಾಲಿಸ್’ ಎಂಬ ಒಂದೇ ಸೂಚಿಯಲ್ಲಿ ಅಡಕಮಾಡಿದನು. ಅದರಲ್ಲಿ ಗ್ರಂಥಕರ್ತರನ್ನು ಅವರವರ ಸ್ವಂತ ಹೆಸರಿನಿಂದಲೇ ಅಕಾರಾದಿಯಾಗಿ ಜೋಡಿಸಿದ್ದನು. ಲಂಡನ್ನಿನ ಆಂಡ್ರೂ ಮಾನ್ಸೆಲ್ ಎಂಬ ಪುಸ್ತಕ ವ್ಯಾಪಾರಿಯಾದರೋ 1595ರ ತನ್ನ ಸೂಚಿಯಲ್ಲಿ ಮನೆತನದ ಹೆಸರನ್ನು ಮುಂದಿಟ್ಟನು. ಪಾಶ್ಚಾತ್ಯರಲ್ಲಿ ಈ ಎರಡನೆಯ ಪದ್ಧತಿಯೇ ಕಾಲಕ್ರಮದಲ್ಲಿ ನಿಯಮವಾಗಿ ನಿಂತಿತು.

ಪೂರ್ವದೇಶದ ಗ್ರಂಥಗಳು ಯೂರೋಪಿನ ಸೂಚಿಗಳಿಗೆ ಸೇರತೊಡಗಿದಾಗ ಲಿಪಿಯ ಪ್ರಶ್ನೆ ತಲೆದೋರಿತು. 1894ರಲ್ಲಿ ಜಿನೀವಾದಲ್ಲಿ ಕೂಡಿದ ಪ್ರಾಚ್ಯವಿದ್ಯಾ ಪಂಡಿತರ ಸಮ್ಮೇಳನವು ಸಂಸ್ಕೃತವನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಒಂದು ಕ್ರಮವನ್ನು ಸೂಚಿಸಿತು. ದೀರ್ಘಕ್ಕೆ ಅಡ್ಡಗೆರೆ, ಮೂರ್ಧನ್ಯಕ್ಕೆ ಕೆಳಚುಕ್ಕೆ ಮುಂತಾದ ಇಂಥ ಚಿಹ್ನೆಗಳನ್ನು ಸಣ್ಣ ವಿಷಯವೆಂದು ಬಿಡುವಂತಿಲ್ಲ. ಚುಕ್ಕೆಯೊಂದು ಬಿದ್ದುಹೋದರೆ ಕನ್ನಡದ ಹಳ್ಳಿಯು ಹಲ್ಲಿಯಾಗುವುದು. ಓದುವವನಿಗೆ ಎರಡನ್ನೂ ಬೇರ್ಪಡಿಸುವ ಉಪಾಯವಿರದು.

ಲಿಪಿಗಿಂತಲೂ ಜಟಿಲವಾದುದು ಹೆಸರು. ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರ ಹೆಸರಿನಲ್ಲಿ ಬೇಂದ್ರೆ ಎಂಬುದು ಮನೆತನದ ಹೆಸರು. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರ ಹೆಸರಿನಲ್ಲಿಯಾದರೋ ಮೊದಲನೆಯದು ಊರು, ಎರಡನೆಯದು ತಂದೆಯ ಹೆಸರು, ಕೊನೆಯದು ಸ್ವಂತ ಹೆಸರು. ಮನೆತನದ ಹೆಸರೇ ಅಲ್ಲಿಲ್ಲ. ಒಬ್ಬರನ್ನು ಕನ್ನಡ ಅಕ್ಷರಗಳಿಂದ ದ.ರಾ. ಎಂದೂ, ಮತ್ತೊಬ್ಬರನ್ನು ಇಂಗ್ಲಿಷ್ ಅಕ್ಷರಗಳ ಉಚ್ಚಾರಣೆಯಿಂದ ಡಿ.ವಿ. ಎಂದೂ ಸಂಕ್ಷೇಪಿಸುವುದು ರೂಢಿ. ಇವರಿಬ್ಬರಿಗೂ ಒಂದೇ ನಿಯಮವನ್ನು ಹೇರುವುದು ಹೇಗೆ? ಭಾರತೀಯ ನಾಮಗಳಿಗೆ ಪ್ರತ್ಯೇಕ ವಿಧಿಗಳು ಬೇಕೆಂಬುದನ್ನು ಎಸ್. ಆರ್. ರಂಗನಾಥನ್ ಅವರು ಮದರಾಸಿನಲ್ಲಿದ್ದಾಗಲೇ ಮನಗಂಡು, 1934ರ ತಮ್ಮ ಸೂಚೀಕರಣ ಸಂಹಿತೆಯಲ್ಲಿ ಇದನ್ನು ವಿಚಾರಮಾಡಿದರು.

ಅನಂತರ ಈ ಕೆಲಸವು ಗಣಕಯಂತ್ರದ ಪಾಲಿಗೆ ಬಂದಿತು. 1985ರಲ್ಲಿ ಬಿಬ್‌ಟೆಕ್ ಎಂಬ ತಂತ್ರಾಂಶವು ಪಟ್ಟಿಯನ್ನು ತಾನೇ ಜೋಡಿಸಿಕೊಡತೊಡಗಿತು. ಆದರೆ ಕನ್ನಡದ ವರ್ಣಕ್ರಮವು ಅದಕ್ಕೆ ತಿಳಿದಿರಲಿಲ್ಲ. 1991ರಲ್ಲಿ ಯೂನಿಕೋಡ್ ಸಂಕೇತಮಾಲೆಯ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಸ್ಥಾನ ದೊರೆತ ಮೇಲೆ ಹಲವು ಲಿಪಿಗಳು ಒಂದೇ ಕಡತದಲ್ಲಿ ಕಲೆಯದೆ ನಿಲ್ಲುವುದು ಸಾಧ್ಯವಾಯಿತು. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾನಿಲಯದಲ್ಲಿ 2006ರಲ್ಲಿ ಝೊಟೆರೊ ಹುಟ್ಟಿತು. ಜಪಾನಿನ ನಗೋಯಾ ವಿಶ್ವವಿದ್ಯಾನಿಲಯದ ಫ್ರಾಂಕ್ ಬೆನೆಟ್ ಅವರು ಅದನ್ನೇ ವಿಸ್ತರಿಸಿ, ಒಂದೇ ಶೀರ್ಷಿಕೆಗೆ ಮೂಲಲಿಪಿ, ಲಿಪ್ಯಂತರ, ಅನುವಾದ ಈ ಮೂರನ್ನೂ ಜೊತೆಜೊತೆಯಾಗಿ ಇಡುವ ರೂಪವೊಂದನ್ನು ರಚಿಸಿದರು. ಒಂದೊಂದು ಗ್ರಂಥದ ಭಾಷೆಯನ್ನು ಗುರುತಿಸಿ, ‘ಸಂಪಾದಕರು’, ‘ಮತ್ತಿತರರು’ ಎಂಬಂಥ ಪದಗಳನ್ನು ಆಯಾ ಭಾಷೆಗೆ ಹೊಂದಿಸುವ ಸೌಕರ್ಯವೂ ಬಿಬ್‌ಲೇಟೆಕ್ ಎಂಬ ಮತ್ತೊಂದು ಸಾಧನದಲ್ಲಿ ಉಂಟಾಯಿತು.

ಇಷ್ಟಾದರೂ ಯಂತ್ರವು ಸಾಮಾನ್ಯವಾಗಿ ಕೇಳುವುದು ಎರಡೇ ಮಾತು: ಮನೆತನದ ಹೆಸರೇನು, ಸ್ವಂತ ಹೆಸರೇನು? ಗುಂಡಪ್ಪನವರಿಗೆ ಏನೆಂದು ಉತ್ತರಿಸಬೇಕೆಂಬುದನ್ನು ಅದು ಬಲ್ಲುದಲ್ಲ. ಒಬ್ಬನು ಒಂದು ಬಗೆಯಾಗಿಯೂ ಇನ್ನೊಬ್ಬನು ಇನ್ನೊಂದು ಬಗೆಯಾಗಿಯೂ ಬರೆದರೆ ಒಬ್ಬ ಗ್ರಂಥಕರ್ತನೇ ಇಬ್ಬರಾಗಿ, ಅವನ ಕೃತಿಗಳು ಎರಡು ಕಡೆ ಚದುರಿ, ಹುಡುಕುವವನಿಗೆ ಅರ್ಧವು ಮಾತ್ರ ಕೈಗೆ ಸಿಕ್ಕುವುದು. ಕನ್ನಡದ ಗ್ರಂಥವು ಲೋಕದ ವಿದ್ವತ್ಸಭೆಯಲ್ಲಿ ಕಾಣದೆ ಹೋಗುವುದಕ್ಕೆ ಇಷ್ಟು ಸಾಕು. ಜೋಡಿಸುವ ಶ್ರಮವನ್ನು ಯಂತ್ರವು ವಹಿಸಿಕೊಂಡಿದೆ. ಯಾರು ಯಾರೆಂದು ಅರಿತು ಹೇಳುವ ಹೊಣೆಯು ಗೆಸ್ನರನ ಕಾಲದಂತೆ ಈಗಲೂ ಬರೆಯುವವನದೇ ಆಗಿದೆ.