ಅಸ್ತಿವಾರದ ಕೆಳಗಿನ ಚರಿತ್ರೆ



ನವೆಂಬರ್ 9ರಂದು ಧರ್ಮಸಭೆಯು ರೋಮಿನ ಲ್ಯಾಟರನ್ ಮಹಾದೇವಾಲಯದ ಪ್ರತಿಷ್ಠಾಪನಾ ಹಬ್ಬವನ್ನು ಆಚರಿಸುತ್ತದೆ. ಅಂದಿನ ವಾಚನದಲ್ಲಿ ಸಂತ ಪೌಲರು ಅಸ್ತಿವಾರದ ಮಾತನ್ನಾಡುತ್ತಾರೆ. ಅಸ್ತಿವಾರ ಹಾಕಲು ಮೊದಲು ನೆಲ ಅಗೆಯಬೇಕು. ಅಗೆದಾಗ ಕೆಳಗೇನಿದೆ ಎಂದು ನೋಡುವವರು ಎಷ್ಟು ಮಂದಿ?

1857ರಲ್ಲಿ ದೊಮಿನಿಕನ್ ಗುರು ಜೋಸೆಫ್ ಮುಲ್ಲೂಲಿಯವರು ರೋಮಿನ ಸಂತ ಕ್ಲೆಮೆಂತರ ದೇವಾಲಯದ ಅಡಿಯಲ್ಲಿ ಅಗೆಸತೊಡಗಿದರು. 12ನೇ ಶತಮಾನದ ಆ ದೇವಾಲಯದ ಕೆಳಗೆ 4ನೇ ಶತಮಾನದ ದೇವಾಲಯ, ಅದರ ಕೆಳಗೆ 1ನೇ ಶತಮಾನದ ಕಟ್ಟಡಗಳು ಕಂಡವು. 1939ರಲ್ಲಿ ಜಗದ್ಗುರು ಹನ್ನೊಂದನೇ ಪಿಯುಸ್ ಅವರ ಸಮಾಧಿಯ ಕೆಲಸ ನಡೆದಾಗ ಸಂತ ಪೇತ್ರರ ಮಹಾದೇವಾಲಯದ ಅಡಿಯಲ್ಲಿ ಪುರಾತನ ರೋಮನ್ ಸ್ಮಶಾನ ಬೆಳಕಿಗೆ ಬಂತು. ಜಗದ್ಗುರು ಹನ್ನೆರಡನೇ ಪಿಯುಸ್ ಅದನ್ನು ಮುಚ್ಚಿಸಲಿಲ್ಲ; 1940ರಿಂದ 1949ರವರೆಗೆ ತಜ್ಞರಿಂದ ಉತ್ಖನನ ಮಾಡಿಸಿ, 1950ರಲ್ಲಿ ಪೇತ್ರರ ಸಮಾಧಿಸ್ಥಳ ದೊರೆತಿದೆ ಎಂದು ಸಾರಿದರು.

ಇದು ರೋಮಿನ ಮಾತು, ನಮಗೇಕೆ ಎನ್ನಬೇಡಿ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ನೆಲವೂ ಬರಿಯ ಮಣ್ಣಲ್ಲ. ಇವು ಕೋಲಾರ ಜಿಲ್ಲೆಯಲ್ಲಿದ್ದಾಗಲೇ, 1905ರಲ್ಲಿ, ಬಿ.ಎಲ್. ರೈಸ್ ಅವರು ಇಲ್ಲಿನ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕ’ದ 10ನೇ ಸಂಪುಟದಲ್ಲಿ ಪ್ರಕಟಿಸಿದರು. ನಂದಿಯ ಭೋಗನಂದೀಶ್ವರ ದೇಗುಲದ ಚರಿತ್ರೆ 9ನೇ ಶತಮಾನದ ಆರಂಭಕ್ಕೆ ಹೋಗುತ್ತದೆ. ನಮ್ಮ ವಿಶ್ವಾಸದ ಗುರುತೂ ಇಲ್ಲಿದೆ. ಯೇಸುಸಭೆಯ ಕರ್ನಾಟಿಕ್ ಮಿಷನ್ನಿನ ಫ್ರೆಂಚ್ ಗುರು ಲೆ ಗಾಕ್ ಅವರು 1709ರ ಜನವರಿಯಲ್ಲಿ ಚಿಕ್ಕಬಳ್ಳಾಪುರದಿಂದ ಬರೆದ ಪತ್ರ ಅಚ್ಚಾಗಿ ಉಳಿದಿದೆ. ಆದರೆ ಅಂದಿನ ವಿಶ್ವಾಸಿಗಳು ಬಾಳಿದ ನೆಲ ಇಂದಿನ ಯಾವ ಬೀದಿಯ ಕೆಳಗಾದರೂ ಇರಬಹುದು.

ಬೆಂಗಳೂರು ನಮಗೆ ಎಚ್ಚರಿಕೆ ಕೊಟ್ಟಿದೆ. 2012ರಲ್ಲಿ ಕೆ.ಆರ್. ಮಾರುಕಟ್ಟೆಯ ಬಳಿ ಮೆಟ್ರೋಗಾಗಿ ಅಗೆಯುವಾಗ ಹಳೆಯ ಫಿರಂಗಿ ಸಿಕ್ಕಿತು. 2018ರಲ್ಲಿ ಹೆಬ್ಬಾಳದ ಚರಂಡಿ ಕಾಮಗಾರಿಯ ಜಾಗದಲ್ಲಿ, ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಬೆಳಕಿಗೆ ಬಂತು. ಕಣ್ಣಿದ್ದವರು ಅಲ್ಲಿದ್ದುದರಿಂದ ಕಲ್ಲು ಉಳಿಯಿತು.

ಇಂಗ್ಲೆಂಡಿನಲ್ಲಿ 1990ರಿಂದ, ಹಳೆಯ ನೆಲದಲ್ಲಿ ಕಟ್ಟುವವರೇ ಪರಿಶೀಲನೆಯ ವೆಚ್ಚ ಭರಿಸುವ ಪದ್ಧತಿ ಬೆಳೆಯಿತು. ತಜ್ಞರು ಮೊದಲು ಹಳೆಯ ನಕ್ಷೆ, ದಾಖಲೆಗಳನ್ನು ಓದುತ್ತಾರೆ. ಬಳಿಕ ಸಣ್ಣ ಗುಂಡಿ ತೋಡಿ, ಮಣ್ಣಿನ ಪದರಗಳನ್ನು ಒಂದೊಂದಾಗಿ ಬರೆದಿಡುತ್ತಾರೆ. ವಸ್ತುವನ್ನು ಪದರದಿಂದ ಕಿತ್ತರೆ ಅದರ ಕಥೆಯ ಅರ್ಧ ಹೋದಂತೆ. ನಮ್ಮ ದೇಶದಲ್ಲಿ 2010ರ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಮುಂದಿನ 200 ಮೀಟರ್ ನಿಯಂತ್ರಿತ ಪ್ರದೇಶ. ಅದರಾಚೆ, ಪೇಟೆಬೀದಿಯಲ್ಲಿ, ಹೊಲದ ಬದುವಿನಲ್ಲಿ, ಕಾವಲಿನ ಕಣ್ಣು ನಮ್ಮದೇ ಆಗಬೇಕು.

ಈ ಮಾತು ನಮ್ಮ ಧರ್ಮಕೇಂದ್ರಗಳಿಗೂ ಸಲ್ಲುತ್ತದೆ. ಕುಟುಂಬಗಳು ಹೆಚ್ಚಿದಾಗ ದೊಡ್ಡ ದೇವಾಲಯ ಬೇಕು, ನಿಜ. ಆದರೆ ಹಳೆಯದನ್ನು ಕೆಡವುವ ಮುನ್ನ ಫೋಟೋ ತೆಗೆಯಿರಿ, ಅಳತೆ ಬರೆದಿಡಿ, ಸಮಾಧಿಕಲ್ಲುಗಳ ಹೆಸರು ನಕಲು ಮಾಡಿ, ಜ್ಞಾನಸ್ನಾನದ ಹಳೆಯ ದಾಖಲೆಗಳನ್ನು ಕಾಪಾಡಿ. ಬರಹವಿರುವ ಕಲ್ಲು ಸಿಕ್ಕರೆ ಜೆಸಿಬಿ ನಿಲ್ಲಿಸಿ ಪುರಾತತ್ವ ಇಲಾಖೆಗೆ ತಿಳಿಸಿ. ಅದು ಯಾವ ಧರ್ಮದವರದ್ದಾದರೂ ಸರಿ; ನೆರೆಯವನ ಪೂರ್ವಿಕರನ್ನು ಗೌರವಿಸುವುದೂ ಪರಪ್ರೀತಿಯೇ.

ಇದೇ ನವೆಂಬರಿನಲ್ಲಿ ನಾವು ಸಕಲ ಮೃತರಿಗಾಗಿ ಪ್ರಾರ್ಥಿಸುತ್ತೇವೆ. ಅವರ ಹೆಸರಿಗೆ ಮೇಣದಬತ್ತಿ ಹಚ್ಚುವ ಕೈಗಳೇ ಅವರು ಬಿಟ್ಟುಹೋದ ಕಲ್ಲನ್ನು ಚರಂಡಿಗೆ ಹಾಸದಿರಲಿ. ನಮ್ಮ ಏಕೈಕ ಅಸ್ತಿವಾರವಾದ ಪ್ರಭು ಕ್ರಿಸ್ತರು ನಿಮ್ಮ ಕುಟುಂಬಗಳನ್ನು ಆಶೀರ್ವದಿಸಲಿ.